ಎನಿಡ್ ಬರೆದಿಟ್ಟ ನಾಲ್ಕನೆಯ ಸಾಲು

ನನ್ನ ಹೆಂಡತಿ ಲೊರೇನ್ ಮೂವತ್ತೆರಡು ವರ್ಷಗಳಿಂದ ಇಂಗ್ಲೆಂಡಿನ ನಮ್ಮ ಟಾಡ್ಮರ್ಡನ್ ಊರಿನ ಮನೆಗಳನ್ನು ಬೆಚ್ಚಗಿಡುವ ಬಾಯ್ಲರುಗಳನ್ನು ರಿಪೇರಿ ಮಾಡುತ್ತಿದ್ದಾಳೆ. ನಾನು ಬಸ್ ಓಡಿಸುವುದನ್ನು ಬಿಟ್ಟ ಮೇಲೆ ಅವಳ ಫೋನ್ ಎತ್ತುವುದು, ಚೀಲ ಹೊರುವುದು ನನ್ನ ಪಾಲಿಗೆ ಬಂತು. ಬೈಗುಳವೂ ನನ್ನ ಪಾಲಿಗೇ. ಯಾರ ಮನೆಗೆ ಹೋದರೂ ಅವಳು ಮೊದಲು ಚಹಾ ಕುಡಿಯುತ್ತಾಳೆ, ಮನೆಯವರ ಮಾತು ಕೇಳುತ್ತಾಳೆ, ಆಮೇಲಷ್ಟೇ ಸ್ಪ್ಯಾನರ್ ಮುಟ್ಟುತ್ತಾಳೆ. ಹೊಸ ಬಾಯ್ಲರ್ ಹಾಕಿಸಿ ಎಂದು ಅವಳ ಬಾಯಲ್ಲಿ ಬರಬೇಕಾದರೆ ಹಳೆಯದು ಪೂರ್ತಿ ಸತ್ತಿರಬೇಕು.

ಕಳೆದ ನವೆಂಬರಿನ ಒಂದು ಮಂಗಳವಾರ ಪಕ್ಕದ ಬೀದಿಯ ವಿಲ್ಫ್ ಸಟ್‌ಕ್ಲಿಫ್ ಫೋನ್ ಮಾಡಿದರು. ನಾನು ಎತ್ತಿ ಲೊರೇನಿಗೆ ಕೊಟ್ಟೆ. ಎಂಬತ್ತೆರಡು ವರ್ಷದವರು. ಅವರ ಹೆಂಡತಿ ಎನಿಡ್ ಸೊಂಟದ ಆಪರೇಷನ್ ಮಾಡಿಸಿಕೊಂಡು ಎರಡು ವಾರದಿಂದ ಆಸ್ಪತ್ರೆಯಲ್ಲಿದ್ದರು.

"ಬಾಯ್ಲರ್ ನಿಂತೋಗಿದೆ ಮಗಳೇ. ಹೊರಗಿನ ಪೈಪಲ್ಲಿ ನೀರು ಚಿಮ್ತಿದೆ. ಶುಕ್ರವಾರ ಎನಿಡ್ ಬರ್ತಾಳೆ. ಮನೆ ಬೆಚ್ಚಗಿಲ್ದಿದ್ರೆ ಕಳ್ಸಲ್ಲ ಅಂತ ನರ್ಸಮ್ಮ ಖಡಾಖಂಡಿತವಾಗಿ ಹೇಳ್ಬಿಟ್ಟಿದಾಳೆ."

ಹೋಗಿ ನೋಡಿದರೆ ಒತ್ತಡ ತೋರಿಸುವ ಮುಳ್ಳು ಮೂರು ದಾಟಿ ಕೆಂಪಿನಲ್ಲಿತ್ತು. ತಣ್ಣಗಿರುವಾಗ ಒಂದು, ಒಂದೂಕಾಲು ಇದ್ದರೆ ಸಾಕು. ಲೊರೇನ್ ಹೆಚ್ಚಿನ ನೀರು ಬಸಿದಳು. ಬಿಸಿನೀರು ಹಿಗ್ಗಿದಾಗ ಜಾಗ ಕೊಡಲೆಂದು ಒಳಗೊಂದು ಗಾಳಿಯ ಡಬ್ಬಿ ಇರುತ್ತದೆ; ಅದಕ್ಕೆ ನನ್ನ ಸೈಕಲ್ ಪಂಪಿನಿಂದ ಗಾಳಿ ತುಂಬಿಸಿದಳು. ತುಂಬಿದವನು ನಾನು, ಹೆಸರು ಅವಳಿಗೆ.

ಬುಧವಾರ ಬೆಳಿಗ್ಗೆ ಮುಳ್ಳು ಮತ್ತೆ ಕೆಂಪಿನಲ್ಲಿ.

"ನೀವೇನಾದ್ರೂ ಕೈ ಹಾಕಿದ್ರಾ?" ಎಂದು ಲೊರೇನ್ ವಿಲ್ಫ್‌ರನ್ನು ಕೇಳಿದಳು.

"ನಾನ್ಯಾಕೆ ಹಾಕ್ಲಿ? ಎನಿಡ್ ಹೇಳಿದ್ದು ಬಿಟ್ಟು ಒಂದು ಚೂರೂ ಹೆಚ್ಚಿಗೆ ಮಾಡಿಲ್ಲ."

ಆ ಉತ್ತರವನ್ನು ನಾವಿಬ್ಬರೂ ಬಿಸ್ಕತ್ತಿನ ಜೊತೆ ನುಂಗಿಬಿಟ್ಟೆವು. ಲೊರೇನಿಗೆ ನೀರು ತುಂಬುವ ನಲ್ಲಿಯ ಮೇಲೆ ಅನುಮಾನ. ಮುಚ್ಚಿದರೂ ಅದು ಒಳಗೊಳಗೇ ಸೋರುತ್ತಿರಬಹುದು. ನೀರು ಬಸಿದು, ಮುಳ್ಳು ಇದ್ದಲ್ಲಿ ಗಾಜಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದಳು. ಬಾಯ್ಲರ್ ಆರಿಸಿದಳು. "ಮಲಗೋಕೆ ಮುಂಚೆ ಒಂದ್ಸಲ, ಎದ್ದ ತಕ್ಷಣ ಒಂದ್ಸಲ ನೋಡಿ ಹೇಳಿ" ಎಂದಳು.

ಮಲಗುವ ಮುಂಚೆ ಮುಳ್ಳು ಗೆರೆಯ ಮೇಲಿತ್ತು. ಗುರುವಾರ ಆರು ಗಂಟೆಗೂ ಗೆರೆಯ ಮೇಲೇ. ಒಂಬತ್ತಕ್ಕೆ ನಾವು ಹೋದಾಗ ಎರಡೂಮುಕ್ಕಾಲು!

ಲೊರೇನ್ ಹೊರಗೆ ಬಂದು ವ್ಯಾನಿನಲ್ಲಿ ಕೂತಳು. "ಸೋರೋ ನಲ್ಲಿ ರಾತ್ರಿಯೆಲ್ಲಾ ಸೋರ್ಬೇಕಲ್ವೇನ್ರೀ? ರಾತ್ರಿ ಮಲಗಿ ಬೆಳಿಗ್ಗೆ ಎದ್ದು ಕೆಲಸ ಮಾಡೋದು ಯಂತ್ರ ಅಲ್ಲ, ಮನುಷ್ಯ."

"ಹಾಗಾದ್ರೆ ಮುದುಕರನ್ನ ಗದರಿಸಿ ಕೇಳು."

"ಹೆಂಡ್ತಿ ಇಲ್ದೆ ಅರ್ಧ ಆಗೋಗಿದಾರೆ. ನೀವು ಸುಮ್ನಿರಿ."

ಒಳಗೆ ಹೋಗಿ, ನೀರು ಬಸಿದು, ಬಾಯ್ಲರಿಗೆ ನಲ್ಲಿಯಿಂದ ನೀರು ತರುವ ಗೇಣುದ್ದದ ಕೊಳವೆಯನ್ನು ಬಿಚ್ಚಿ, ಅದು ಕೂಡಿದ್ದ ಎರಡೂ ಬಾಯಿಗೆ ಮುಚ್ಚಳ ಹಾಕಿದಳು. ಕೊಳವೆ ಅವಳ ಕೋಟಿನ ಜೇಬು ಸೇರಿತು. ನಿಯಮದ ಪ್ರಕಾರ ನೀರು ತುಂಬಿದ ಮೇಲೆ ಅದನ್ನು ಬಿಚ್ಚಿಡಬೇಕು. ನಮ್ಮೂರಲ್ಲಿ ಯಾರೂ ಬಿಚ್ಚುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಫೋನ್. ನಾನೇ ಎತ್ತಿದೆ.

"ಕಳ್ಳತನ ಆಗಿದೆ ಕಣಯ್ಯ! ಟಿವಿ ಬಿಟ್ಟು, ಬೆಳ್ಳಿ ಚಮಚ ಬಿಟ್ಟು, ಬಾಯ್ಲರಿನ ಕೊಳವೆ ಕದ್ದಿದಾರೆ!"

ಲೊರೇನ್ ನಕ್ಕಿದ್ದನ್ನು ನಾನು ಆ ವಾರದಲ್ಲಿ ಕಂಡಿದ್ದು ಅದೇ ಮೊದಲು. ಹೋದಾಗ ವಿಲ್ಫ್ ರಾತ್ರಿಯುಡುಪಿನಲ್ಲೇ ಫ್ರಿಜ್ ಮುಂದೆ ನಿಂತಿದ್ದರು. ಬಾಗಿಲಿಗೆ ಎನಿಡ್ ಬರೆದ ಚೀಟಿ. ಬೆಕ್ಕಿಗೆ ಊಟ. ಮಾತ್ರೆ. ಗಿಡಕ್ಕೆ ನೀರು. ನಾಲ್ಕನೆಯ ಸಾಲು: ಬಾಯ್ಲರ್ ಕೆಳಗಿನ ಕಪ್ಪು ನಲ್ಲಿ, ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ, ಹತ್ತು ಎಣಿಸುವವರೆಗೆ. ಪ್ರತಿದಿನಕ್ಕೂ ಒಂದೊಂದು ಅಚ್ಚುಕಟ್ಟಾದ ಗುರುತು.

"ಇವತ್ತು ತಿಂಡಿಗೆ ಮುಂಚೇನೇ ಹೋದೆ. ಅವಳು ಬರೋ ದಿನ ಒಂದೂ ತಪ್ಪಬಾರ್ದು ಅಂತ" ಎಂದರು. "ಐವತ್ತಾರು ವರ್ಷದಲ್ಲಿ ಮೊದಲ್ನೇ ಸಲ ಮನೆ ನನ್ ಕೈಗೆ ಕೊಟ್ಟೋಗಿದಾಳೆ."

ಲೊರೇನ್ ಹಣೆ ಚಚ್ಚಿಕೊಂಡಳು. ಬಾಯ್ಲರಿನ ಬಿಸಿನೀರು ಹರಿಯುವ ಬಚ್ಚಲಿನ ರೇಡಿಯೇಟರ್ ವರ್ಷಗಳಿಂದ ತೊಟ್ಟಿಕ್ಕುತ್ತಿತ್ತು. ಕಡಿಮೆಯಾದ ನೀರನ್ನು ಎನಿಡ್ ದಿನವೂ ತುಂಬುತ್ತಿದ್ದರು. ಅವರು ಆಸ್ಪತ್ರೆಯಲ್ಲಿದ್ದಾಗ, ಹಿಂದಿನ ಭಾನುವಾರ, ವಿಲ್ಫ್‌ರನ್ನು ನೋಡಲು ಬಂದ ಲೊರೇನ್ ತಾನಾಗಿಯೇ ಆ ಸೋರಿಕೆ ನಿಲ್ಲಿಸಿದ್ದಳು. ನೀರು ಹೋಗುವುದು ನಿಂತಿತು, ಬರುವುದು ನಿಲ್ಲಲಿಲ್ಲ. ಜೊತೆಗೆ ಎನಿಡ್ ಹತ್ತು ಎಣಿಸುವುದು ಪಟಪಟನೆ; ವಿಲ್ಫ್ ಎಣಿಸುವುದು ಚರ್ಚಿನ ಗಂಟೆ ಹೊಡೆದಷ್ಟು ನಿಧಾನ.

ವಿಷಯ ತಿಳಿದಾಗ ವಿಲ್ಫ್ ಚೀಟಿಯನ್ನು ಅಂಗೈಯಿಂದ ಮುಚ್ಚಿದರು. "ಅವಳಿಗೆ ಹೇಳ್ಬೇಡ ಮಗಳೇ. ಇನ್ಮೇಲೆ ಒಂದು ಚಮಚಾನೂ ಮುಟ್ಟೋಕೆ ಬಿಡಲ್ಲ."

ಲೊರೇನ್ ಬಾಯ್ಲರ್ ಹಚ್ಚಿದಳು. ಹನ್ನೊಂದಕ್ಕೆ ಎನಿಡ್ ಬಂದಾಗ ಮನೆ ಬೆಚ್ಚಗಿತ್ತು. ಆಕೆ ವಾಕರ್ ಹಿಡಿದು ನೇರ ಅಡುಗೆಮನೆಗೆ ಹೋದರು. ಮುಳ್ಳು ನೋಡಿದರು, ಗಾಜಿನ ಮೇಲಿನ ಗೆರೆ ನೋಡಿದರು.

"ಏನಾಗಿತ್ತು ಇದಕ್ಕೆ?"

ವಿಲ್ಫ್ ಬೆಕ್ಕನ್ನು ದಿಟ್ಟಿಸುತ್ತಾ ನಿಂತರು. ಬಾಯ್ಲರಿನ ವಿಷಯದಲ್ಲಿ ಲೊರೇನ್ ಯಾರಿಗೂ ಸುಳ್ಳು ಹೇಳಿದವಳಲ್ಲ.

"ತಪ್ಪು ನಂದು ಎನಿಡಮ್ಮ. ಬಚ್ಚಲಿನ ಸೋರಿಕೆ ನಿಲ್ಸಿ ಯಾರಿಗೂ ಹೇಳ್ಲಿಲ್ಲ. ನಿಮ್ಮ ಯಜಮಾನ್ರು ನೀವು ಬರ್ದಿದ್ದನ್ನ ಒಂದು ದಿನಾನೂ ತಪ್ಸಿಲ್ಲ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವಳನ್ನು ಮದುವೆಯಾಗಿದ್ದಕ್ಕೆ ನನಗೆ ಆವತ್ತು ಬಹಳ ಹೆಮ್ಮೆಯಾಯಿತು. ಅವಳಿಗೆ ಹೇಳಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾಳೆ.

ಎನಿಡ್ ಚೀಟಿಯ ಗುರುತುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದರು. ಲೊರೇನಿನ ಪೆನ್ಸಿಲ್ ಕೇಳಿ ಪಡೆದು ನಾಲ್ಕನೆಯ ಸಾಲು ಹೊಡೆದುಹಾಕಿ ಅಲ್ಲೇ ಮೇಲೆ ಬರೆದರು: ಎನಿಡ್‌ಗೆ ಹಾಸಿಗೆಗೇ ಚಹಾ, ದಿನಾ ಬೆಳಿಗ್ಗೆ.

"ಎಷ್ಟೊತ್ತು ನೆನೆಸ್ಬೇಕು?" ವಿಲ್ಫ್ ಕೇಳಿದರು.

"ನಿಮ್ಮ ಲೆಕ್ಕದಲ್ಲಿ ನೂರು ಎಣಿಸಿ. ನೀರು ನೀರಾಗಿ ತಂದ್ರೆ ನೋಡಿ ಮತ್ತೆ" ಎಂದರು ಎನಿಡ್.

ನಾವು ಚೀಲ ಎತ್ತಿಕೊಂಡು ಹೊರಡುವಾಗ ವಿಲ್ಫ್ ಕೆಟಲ್ ಇಟ್ಟಾಗಿತ್ತು. ಚಹಾದ ಪಾತ್ರೆಯ ಮುಂದೆ ನೆಟ್ಟಗೆ ನಿಂತು, ಗಟ್ಟಿಯಾಗಿ, ಏಳರವರೆಗೆ ಬಂದಿದ್ದರು.