ಕಾಲುವಿ ಸಾಹೇಬನ ಮೂತ್ರಕೋಶ

ಶಹಾಪುರದ ಕಡೆ ಕಾಲುವಿ ನೀರು ಬಿಡೂದು ನನ್ನ ನೌಕರಿ. ಮೂತ್ರಕೋಶದಾಗ ಕ್ಯಾನ್ಸರ್ ಗಂಟು ಕಂಡಿತು. ಶುರುವಿನ ಹಂತ ಅಂದ್ರು. ಒಮ್ಮೆ ಕೆರದು ತೆಗೆದ್ರು. ಏನರ ಉಳಿದದೇನೋ ಅಂತ ಅದೇ ಜಾಗಾ ಮತ್ತೊಮ್ಮೆ ಕೆರದ್ರು.

"ಈ ಸಲ ಏನೂ ಸಿಗಲಿಲ್ರಿ, ಛಲೋ ಲಕ್ಷಣ," ಅಂದ್ರು ಡಾಕ್ಟರು. "ಆದ್ರ ಮತ್ತ ಬರೂದೇ ಇಲ್ಲ ಅಂತ ಹೇಳಾಕಾಗಲ್ಲ. ತಪಾಸಣಿಗೆ ಬರ್ಕೋತ ಇರ್ರಿ, ನೋಡೂಣು."

ನನಗ ಸಿಟ್ಟು ನೆತ್ತಿಗೇರಿತು. "ನೋಡೂಣು ಅಂದ್ರೇನ್ರಿ? ಬರ್ತದೋ ಇಲ್ಲೋ, ಒಂದ ಮಾತಿನಾಗ ಹೇಳ್ರಿ!"

ಜೋಡಿ ಬಂದಿದ್ದ ಅಳಿಯನ ಹೊಲ ಗೋಗಿ ಹತ್ರ, ಕಾಲುವಿ ಕಟ್ಟಕಡೀಗದ, ನೀರು ಮುಟ್ಟೂದು ಎಲ್ಲಾರ್ಕಿಂತ ಕಡೀಗೆ. ಆತ ಮೆತ್ತಗ ಅಂದ: "ಮಾವಾರ, ನೀರಿನ ಸಲುವಾಗಿ ನಾವೂ ನಿಮ್ಮನ್ನ ಹಿಂಗ ಕೇಳ್ತೀವ್ರಿ. ನೀವೂ ನೋಡೂಣು ಅಂತೀರಿ."

ಆಪರೇಶನ್ ಆದಮ್ಯಾಲೆ ನಳಿಗಿ ಹಚ್ಚಿ ಕೊಟ್ಟ ಮೂತ್ರದ ಚೀಲ ಕೈಯಾಗ ಹಿಡ್ಕೊಂಡು ಕುಂತಾವ, ಸಾಹೇಬನ ಗತ್ತು ಎಲ್ಲಿಂದ ತರ್ಲಿ?

ಮುಂದಿನ ತಪಾಸಣಿಗೆ ಅಳಿಯನ್ನ ಬಿಟ್ಟು, ಬಳಿಚಕ್ರ ಊರಾಗಿರೋ ನನ್ನ ತಮ್ಮನ್ನ ಕರ್ಕೊಂಡು ಹೋದೆ. ಅವನ ಹೊಲಕ್ಕ ಕಾಲುವಿ ಇಲ್ಲ, ಬರೀ ಮಳಿ.