ಅವ್ವ ಪೂಜೆ ಮಾಡಿದ ಕಾರು

ಪಾರ್ಕಿಂಗ್ ಲಾಟಿನಲ್ಲಿ ಯಾರಾದರೂ ಕಾರಿನ ಬಾಗಿಲು ಹಾಕಿದರೆ ಸಾಕು, ನನ್ನ ಕಿವಿ ನೆಟ್ಟಗಾಗುತ್ತದೆ. ಸ್ಯಾನ್ ಹೊಸೆಯ ಗ್ರೋಸರಿ ಅಂಗಡಿಯ ಮುಂದೆ ಸಾಮಾನು ತುಂಬಿದ ಗಾಡಿ ಹಿಡಿದು ನಿಂತೇಬಿಡುತ್ತೇನೆ. ಇದು ಜಪಾನಿನದು, ಇದು ಕೊರಿಯಾದ್ದು, ಇದು ಜರ್ಮನಿಯದು. ಅಯ್ಯೋ, ಇದು ನಮ್ಮದು, ಅಮೆರಿಕದ್ದು! ಯಾರ ಮೇಲೋ ಮುನಿಸಿಕೊಂಡ ಹಾಗೆ ಬಡಿದುಕೊಂಡಿತು. ಕಣ್ಣು ಮುಚ್ಚಿಯೇ ಹೇಳಬಲ್ಲೆ. ಅವ್ವನಿಗೆ ತಡೆಯುವುದಿಲ್ಲ. "ನಡಿಯವಾ, ಹಾಲು ಕೆಡತಾವ. ಮಂದಿ ಕಾರಿನ ಬಾಗಿಲಾ ಕಾಯಾಕ ನಿನ್ನ ಇಟ್ಟಾರೇನು?" ಎಂದು ಎಲ್ಲರಿಗೂ ಕೇಳುವ ಹಾಗೆ ಬೈಯುತ್ತಾಳೆ.

ಇಟ್ಟಿದ್ದರು, ನಿಜಕ್ಕೂ. ನಾನು ಕಾರಿನ ಬಾಗಿಲಿನ ಎಂಜಿನಿಯರು. ಡೆಟ್ರಾಯಿಟಿನ ಹಳೆಯ ಕಾರು ಕಂಪನಿಯೊಂದು ಎಲೆಕ್ಟ್ರಿಕ್ ಕಾರುಗಳಿಗೆಂದು ಸ್ಯಾನ್ ಹೊಸೆಯಲ್ಲಿ ಒಂದು ಸಣ್ಣ ಆಫೀಸು ತೆರೆದಿತ್ತು. ಅಲ್ಲಿ ಹಿಡಿ, ಕೊಂಡಿ, ಅಂಚಿನ ರಬ್ಬರು, ಕೊನೆಗೆ ಬಾಗಿಲು ಹಾಕಿದಾಗ ಬರುವ ಸದ್ದು, ಎಲ್ಲ ನನ್ನ ಪಾಲಿನವು. ಬಾಗಿಲು ಧಬ್ ಅನ್ನಬೇಕು, ಟಣ್ ಅನ್ನಬಾರದು. ಕೇಳಿದವರು ನಗುತ್ತಾರೆ. ನಗಲಿ! ಶೋರೂಮಿಗೆ ಹೋದ ಮನುಷ್ಯ ಮೋಟರು ಬಿಚ್ಚಿ ನೋಡುವುದಿಲ್ಲ. ಬಾಗಿಲು ತೆಗೆದು ಕೂತು, ಹಾಕಿ ನೋಡುತ್ತಾನೆ. ಅಲ್ಲೇ ಅವನ ಮನಸ್ಸು ಹೌದು ಅಥವಾ ಅಲ್ಲ ಅಂದಿರುತ್ತದೆ.

ನಮ್ಮ ಕಂಪನಿ ಸಣ್ಣ ಕಾರು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವೆಲ್ಲ ಜಪಾನು, ಕೊರಿಯಾದವರ ಪಾಲಾಗಿ, ನಾವು ಮನೆ ಗಾತ್ರದ ಟ್ರಕ್ಕುಗಳನ್ನು ಮಾಡುತ್ತ ಹಾಯಾಗಿದ್ದೆವು. ಈಗ ಚೀನಾದವರು ಅಗ್ಗದ ಎಲೆಕ್ಟ್ರಿಕ್ ಕಾರು ಮಾಡಿ ಜಗತ್ತಿಗೆಲ್ಲ ಮಾರತೊಡಗಿದಾಗ ಮೇಲಿನವರಿಗೆ ಎಚ್ಚರವಾಯಿತು. ಸಾಧಾರಣ ಜನ ಕೊಳ್ಳಬಲ್ಲ ಒಂದು ಪುಟ್ಟ ಕಾರು ಮಾಡಿ ಎಂದು ನಮ್ಮ ಆಫೀಸಿಗೆ ಹೇಳಿದರು. ಅದು ರಸ್ತೆಗೆ ಬಂದರೆ ನಮ್ಮ ಆಫೀಸು ಉಳಿಯುತ್ತದೆ, ಬರದಿದ್ದರೆ ಇಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಕಾರು ಅಂದರೆ ಇನ್ನೂ ಪೂರ್ತಿ ಕಾರಲ್ಲ. ಲ್ಯಾಬಿನ ಮೂಲೆಯಲ್ಲಿ ಪ್ಲೈವುಡ್ಡಿನ ಒಂದು ಚೌಕಟ್ಟು, ಅದರಲ್ಲಿ ಎರಡು ಸೀಟು, ಪಕ್ಕಕ್ಕೆ ನನ್ನದೊಂದು ಬಾಗಿಲು. ಕೂತು ನೋಡಲಿಕ್ಕೆ, ತೆಗೆದು ಹಾಕಲಿಕ್ಕೆ ಮಾಡಿಕೊಂಡ ಅಟ್ಟಣಿಗೆ. ನೋಡಿದವರು ಬಡಗಿಯ ಅಂಗಡಿಯಲ್ಲಿ ಅರ್ಧಕ್ಕೆ ಬಿಟ್ಟ ಮಂಚ ಅಂದುಕೊಳ್ಳಬೇಕು. ನನಗೆ ಮಾತ್ರ ಬೆಳಿಗ್ಗೆ ಕಾಫಿಗಿಂತ ಮೊದಲು ಆ ಬಾಗಿಲನ್ನು ಒಮ್ಮೆ ಹಾಕಿ ನೋಡದಿದ್ದರೆ ಸಮಾಧಾನವಿರಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಅಂಥದೊಂದು ಚೀನೀ ಕಾರು ಬಂತು. ಅಮೆರಿಕದಲ್ಲಿ ಅದು ಮಾರಾಟಕ್ಕಿಲ್ಲ. ಬಿಚ್ಚಿ ನೋಡಲಿಕ್ಕೆಂದೇ ಕಂಪನಿ ಒಂದನ್ನು ತರಿಸಿತ್ತು. ನಮ್ಮ ಕಸುಬಿನಲ್ಲಿ ಇದು ಮಾಮೂಲು. ಎದುರಾಳಿಯ ಕಾರನ್ನು ತಂದು, ತಿರುಪು ತಿರುಪು ಬಿಚ್ಚಿ, ಮೇಜಿನ ಮೇಲೆ ಹರವಿ, ಯಾವುದು ಹೇಗೆ ಮಾಡಿದ್ದಾರೆ ಎಂದು ನೋಡುವುದು. ಟ್ರೇಲರಿನಿಂದ ಇಳಿದ ಕಾರು ಎಳೆ ಹಸಿರು ಬಣ್ಣದ್ದು. ನಮ್ಮ ಜೊತೆಯ ಬೆಂಗಳೂರಿನ ಹುಡುಗ, ಬ್ಯಾಟರಿ ನೋಡಿಕೊಳ್ಳುವವನು, ಸುತ್ತು ಹಾಕಿ ಕಿಸಕ್ಕನೆ ನಕ್ಕ. "ಏನ್ ಮೇಡಂ ಇದು, ಮಕ್ಕಳಾಟದ ಸಾಮಾನು ಥರ ಇದೆ. ಕಲರ್ ನೋಡಿ, ಪೆಪ್ಪರ್‌ಮೆಂಟು! ಇದಕ್ಕೆಲ್ಲಾ ಯಾಕೆ ಟೆನ್ಷನ್ ತಗೋತೀರಾ?"

ನಾನು ಅದರ ಬಾಗಿಲು ತೆಗೆದು, ಹಾಕಿದೆ. ಹಿಟ್ಟಿನ ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ ಸದ್ದು. ಅಷ್ಟೇ. ಹುಡುಗನ ನಗು ಅಲ್ಲೇ ನಿಂತಿತು.

ಆ ನಗುವನ್ನು ನಾನು ಮೊದಲೇ ಕೇಳಿದ್ದೆ. ಹುಬ್ಬಳ್ಳಿಯಲ್ಲಿ ಅಪ್ಪನದೊಂದು ಗ್ಯಾರೇಜಿತ್ತು. ಆಗ ದೇಶದಲ್ಲಿ ಓಡುತ್ತಿದ್ದದ್ದೇ ಎರಡು ಮೂರು ಬಗೆಯ ಕಾರು, ಎಲ್ಲ ದಪ್ಪ ತಗಡಿನವು, ತಿಂಗಳಿಗೊಮ್ಮೆ ಕೆಡುವಂಥವು. ಜಪಾನಿನವರು ಕೈಜೋಡಿಸಿ ಮಾಡಿದ ಪುಟ್ಟ ಕಾರು ಊರಿಗೆ ಬಂದಾಗ ಅಪ್ಪ ಬೀಡಿ ಬಾಯಲ್ಲಿಟ್ಟುಕೊಂಡೇ ನಕ್ಕಿದ್ದ. "ತಗಡಿನ ಡಬ್ಬಿ. ಒಂದು ಮಳಿಗಾಲ ತಡಿಯಂಗಿಲ್ಲ." ಅದು ತಡೆಯಿತು. ಕೆಡಲೂ ಇಲ್ಲ. ಗ್ಯಾರೇಜಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಆ ವಾರವೆಲ್ಲ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆದೆ. ಫ್ರೀವೇಯಲ್ಲಿ ಮುಂದಿದ್ದವರಿಗೆಲ್ಲ ಹಾರ್ನು ಹೊಡೆದೆ. ಮೀಟಿಂಗಿನಲ್ಲಿ ಕಾಲು ತನ್ನಷ್ಟಕ್ಕೆ ಕುಣಿದು ಮೇಜಿನ ಮೇಲಿನ ಕಪ್ಪುಗಳು ಅಲುಗಾಡಿದವು. ಇಡೀ ದಿನ ಮನೆಯಲ್ಲೇ ಇರುವ ಅವ್ವನಿಗೆ ಇದು ಕಾಣದೆ ಇರುತ್ತದೆಯೇ? "ಖಂಡೇ ಪೂಜಿ ಬಂತು. ಈ ಸಲ ನಿಮ್ಮ ಲ್ಯಾಬಿನಾಗ ಜೋರ್ ಪೂಜಿ ಮಾಡೂಣು. ಎಲ್ಲಾ ಛಲೋ ಆಗತೈತಿ," ಎಂದಳು.

ಆಯುಧಪೂಜೆಯನ್ನು ಅವ್ವ ಖಂಡೇ ಪೂಜೆ ಅನ್ನುತ್ತಾಳೆ. ಅವಳು ಇಲ್ಲಿಗೆ ಬಂದಾಗಿನಿಂದ ಪ್ರತಿ ವರ್ಷ ವಿಸಿಟರ್ ಬ್ಯಾಡ್ಜು ಕೊರಳಿಗೆ ಹಾಕಿಕೊಂಡು, ತಟ್ಟೆ ಹಿಡಿದು ಲ್ಯಾಬಿಗೆ ಬರುತ್ತಾಳೆ. ತಿರುಪು ಬಿಚ್ಚುವ ಪಾನಾಗಳಿಗೆಲ್ಲ ವಿಭೂತಿ, ಕುಂಕುಮ. ಕಂಪನಿಯ ದೊಡ್ಡ ಟ್ರಕ್ಕೊಂದು ಯಾವಾಗಲೂ ಅಲ್ಲಿರುತ್ತಿತ್ತು, ಅದರ ಚಕ್ರದಡಿ ನಿಂಬೆಹಣ್ಣು. ನಮ್ಮ ಮೆಕ್ಯಾನಿಕ್ಕು ಹತ್ತಿರದ ಗಿಲ್‌ರಾಯ್‌ನವನು, ಆರಡಿ ಆಳು, ಬೆಳ್ಳುಳ್ಳಿ ಬೆಳೆಯುವ ಮನೆಯವನು. ಅವನಿಗೆ ಈ ಹಬ್ಬ ಕ್ರಿಸ್‌ಮಸ್ಸಿಗಿಂತ ಹೆಚ್ಚು. ಬೆಂಕಿ ಹಚ್ಚಬಾರದು ಎಂಬ ನಿಯಮಕ್ಕೆ ಬ್ಯಾಟರಿ ದೀಪ ತಂದುಕೊಟ್ಟವನೂ ಅವನೇ. ಬೂದುಗುಂಬಳಕ್ಕೆ ಬದಲು ಹ್ಯಾಲೋವೀನಿನ ಕಿತ್ತಳೆ ಕುಂಬಳ ಹೊತ್ತು ತರುತ್ತಿದ್ದವನೂ ಅವನೇ.

ಆ ಸಲ ಟ್ರಕ್ಕು ಇರಲಿಲ್ಲ, ಡೆಟ್ರಾಯಿಟಿಗೆ ಕಳಿಸಿದ್ದರು. ಹೊರಗಿನವರು ಬಂದಾಗ ನಮ್ಮ ಹೊಸ ಕೆಲಸ ಕಾಣಬಾರದು ಎಂಬುದು ಇನ್ನೊಂದು ನಿಯಮ. ಹಾಗಾಗಿ ಮೂಲೆಯ ಚೌಕಟ್ಟಿಗೆ ಬೂದು ಬಣ್ಣದ ಬಟ್ಟೆ ಹೊದಿಸಿದ್ದೆವು. ಚೀನೀ ಕಾರನ್ನು ಮುಚ್ಚುವ ಅಗತ್ಯವಿರಲಿಲ್ಲ, ಅದು ನಮ್ಮ ಗುಟ್ಟಲ್ಲವಲ್ಲ. ಪೂಜೆ ಮುಗಿಸಿ ಮಧ್ಯಾಹ್ನವೇ ಅದನ್ನು ಬಿಚ್ಚಲು ಶುರು ಮಾಡುವುದೆಂದು ಮಾತಾಗಿತ್ತು. ಅವ್ವನನ್ನು ಒಳಗೆ ಬಿಟ್ಟೆ, ಅಷ್ಟರಲ್ಲಿ ಡೆಟ್ರಾಯಿಟಿನಿಂದ ಫೋನು. ನಮ್ಮ ಪುಟ್ಟ ಕಾರಿನ ಹಣೆಬರಹ ಬರೆಯುವ ದೊಡ್ಡ ಸಾಹೇಬ ಮರುದಿನ ಬೆಳಿಗ್ಗೆಯೇ ಬರುತ್ತಾನಂತೆ. ನಾನು ಹೊರಗೆ ಹೋಗಿ ಮಾತಾಡಿ ಬರುವುದರೊಳಗೆ ಆಗಬಾರದ್ದು ಆಗಿಹೋಗಿತ್ತು.

ಎಳೆ ಹಸಿರು ಕಾರಿನ ಮೂತಿಗೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಕನ್ನಡಿಗೆ ಸೇವಂತಿಗೆ ಮಾಲೆ. ಮೆಕ್ಯಾನಿಕ್ಕು ಮಂಡಿಯೂರಿ ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದಾನೆ. ಅವ್ವ ಬ್ಯಾಟರಿ ದೀಪ ಬೆಳಗುತ್ತ, ಕಣ್ಣು ಮುಚ್ಚಿ, ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದಾಳೆ. "ಬನಶಂಕ್ರಿ ತಾಯಿ, ನನ್ನ ಮಗಳು ಮಾಡಿದ ಗಾಡಿ ಐತವಾ ಇದು. ಊರೂರು ಓಡಲಿ. ಮನಿ ಮನಿ ಮುಂದ ನಿಂದ್ರಲಿ. ಇದರ ಮುಂದ ಬ್ಯಾರೆ ಯಾವ ಗಾಡೀನೂ ನಿಲ್ಲಬಾರದು ನೋಡು!"

ಬೆಂಗಳೂರಿನ ಹುಡುಗ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವ್ವನದೇನು ತಪ್ಪು? ಲ್ಯಾಬಿನಲ್ಲಿ ಕಾರು ಅಂತ ಕಾಣುತ್ತಿದ್ದದ್ದು ಅದೊಂದೇ. ಹೊಳೆಯುತ್ತಿತ್ತು, ಹೊಸದಾಗಿತ್ತು, ಚೆಂದವಿತ್ತು. ಮಗಳು ಮಾಡಿದ್ದಲ್ಲದೆ ಇನ್ನಾರದು? ತಟ್ಟೆ ತಂದ ಬಟ್ಟೆಯ ಚೀಲವನ್ನು, ಚಪ್ಪಲಿ ಇದ್ದ ಪ್ಲಾಸ್ಟಿಕ್ ಕವರನ್ನು, ಅರ್ಧ ಕುಡಿದ ನೀರಿನ ಬಾಟಲಿಯನ್ನು ಮೂಲೆಯ ಬೂದು ಬಟ್ಟೆಯ ಮೇಲೆ ಇಟ್ಟಿದ್ದಳು. ನಾನು ಹೋಗಿ ಅವನ್ನೆಲ್ಲ ಕೆಳಗಿಳಿಸಿದೆ.

ಮೆಕ್ಯಾನಿಕ್ಕು ಪಾನಾ ಎತ್ತಿಕೊಳ್ಳಹೋದಾಗ ಅವ್ವ ಅವನ ಕೈಮೇಲೆ ಪಟ್ಟನೆ ಹೊಡೆದಳು. "ಏಯ್! ಪೂಜಿ ಆದ ಸಾಮಾನು ಇವತ್ತ ಮುಟ್ಟಂಗಿಲ್ಲ. ಗಾಡೀನೂ ಬಿಚ್ಚಂಗಿಲ್ಲ. ನಾಳೆ ಮಾಡ್ರಿ." ಭಾಷೆ ತಿಳಿಯದಿದ್ದರೂ ಅವನಿಗೆ ಅರ್ಥವಾಯಿತು, ಖುಷಿಯಿಂದ ಕೈ ಕಟ್ಟಿ ನಿಂತ. ಹಬ್ಬದ ದಿನ ಅವಳ ಜೊತೆ ಯಾರು ವಾದ ಮಾಡುತ್ತಾರೆ? ಎಲ್ಲರೂ ಚುರುಮುರಿ ತಿಂದು ಮನೆಗೆ ಹೋದೆವು.

ಹೀಗಾಗಿ ಮರುದಿನ ಸಾಹೇಬ ಬಂದಾಗ ಕಾರು ಇಡಿಯಾಗಿತ್ತು. ಬಿಚ್ಚಿ ಹರವಿದ್ದರೆ ಅವನು ಮೇಜಿನ ಮೇಲಿನ ತುಂಡುಗಳನ್ನು ನೋಡಿ, ಕಾಫಿ ಕುಡಿದು, ಹ್ಞೂಂ ಅಂದು, ನಮ್ಮ ಬಾಗಿಲಿನತ್ತ ಬರುತ್ತಿದ್ದನೇನೋ. ಈಗ ಅವನು ನೇರ ಹೋಗಿ ಅದರಲ್ಲಿ ಕೂತ. ನಿಂಬೆಹಣ್ಣು ಪಚಕ್ಕೆಂದವು. ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹೊಡೆದ, ಇನ್ನೊಂದು ಸುತ್ತು ಹೊಡೆದ. ಇಳಿದು ಬಾಗಿಲು ಹಾಕಿದ. ಮತ್ತೆ ತೆಗೆದ, ಮತ್ತೆ ಹಾಕಿದ.

"ನಮ್ಮದು ಹೀಗಾಗಲು ಎಷ್ಟು ಕಾಲ ಬೇಕು?" ಎಂದು ನನ್ನನ್ನು ಕೇಳಿದ.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬಾಗಿಲಿನ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಬರುವುದಿಲ್ಲ. "ಎರಡು ವರ್ಷ," ಎಂದೆ.

"ಅಷ್ಟರಲ್ಲಿ ಇವರು ಎಲ್ಲಿರುತ್ತಾರೆ?"

"ಇನ್ನೂ ಎರಡು ವರ್ಷ ಮುಂದೆ."

ಅವನು ತಲೆಯಾಡಿಸಿದ. ಮೂಲೆಯ ಬೂದು ಬಟ್ಟೆಯನ್ನು ತೋರಿಸಿ, ನೋಡುತ್ತೀರಾ ಎಂದು ಕೇಳಿದೆ. ವಿಮಾನಕ್ಕೆ ಹೊತ್ತಾಯಿತು ಎಂದ.

ಅವನು ಹೋದ ಮೇಲೆ ಬಿಚ್ಚಿದೆವು. ಬಾಗಿಲನ್ನು ನಾನೇ ಬಿಚ್ಚಿದೆ, ಯಾರಿಗೂ ಮುಟ್ಟಗೊಡಲಿಲ್ಲ. ಒಳಗಿನ ತಗಡಿನ ನಡುವೆ, ಕೊಂಡಿಯ ಕೆಳಗೆ, ಸದ್ದು ನುಂಗುವ, ಅಂಗೈಯಗಲದ ಒಂದು ದಪ್ಪ ಪದರ ಅಂಟಿಸಿದ್ದರು. ನಾನು ನಮ್ಮ ಬಾಗಿಲಿಗೆ ಕೇಳಿದ್ದದ್ದು ಅದನ್ನೇ, ಅದೇ ಜಾಗಕ್ಕೆ. ಕಣ್ಣಿಗೆ ಕಾಣದ್ದಕ್ಕೆ ಖರ್ಚೇಕೆ ಎಂದು ಮೀಟಿಂಗಿನಲ್ಲಿ ತೆಗೆದುಹಾಕಿದ್ದರು. ಇವರೇನೂ ನನ್ನಿಂದ ಕದ್ದಿರಲಿಲ್ಲ. ಬಾಗಿಲಿಗೆ ಕಿವಿಗೊಟ್ಟ ಯಾರಾದರೂ ಅದನ್ನು ಅಲ್ಲೇ ಇಡುತ್ತಾರೆ, ಅಷ್ಟೇ. ಅದಕ್ಕೇ ನನಗೆ ಇನ್ನಷ್ಟು ಉರಿಯಿತು. ಪಾನಾ ಎಸೆದೆ. ಮೆಕ್ಯಾನಿಕ್ಕು ಎತ್ತಿ ತಂದು, ಅದರ ಕುಂಕುಮ ಅಳಿಸದ ಹಾಗೆ ಡಬ್ಬಿಯಲ್ಲಿಟ್ಟ.

ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದಲು ಈಮೇಲು ಬಂತು. ಪುಟ್ಟ ಕಾರು ಬೇಡ, ಆಫೀಸೂ ಬೇಡ. ಪ್ಲೈವುಡ್ಡಿನ ಚೌಕಟ್ಟನ್ನು ಗರಗಸದಲ್ಲಿ ಕೊಯ್ದು ಕಸದ ಟ್ರಕ್ಕಿಗೆ ಹಾಕಿದರು. ಮೆಕ್ಯಾನಿಕ್ಕು ಗಿಲ್‌ರಾಯ್‌ನಲ್ಲೇ ಟ್ರ್ಯಾಕ್ಟರ್ ರಿಪೇರಿಗೆ ಸೇರಿದ. ಬೆಂಗಳೂರಿನ ಹುಡುಗ ರೆಡ್‌ವುಡ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಹೋದ. ನಾನು ಮನೆಯಲ್ಲಿ ಕೂತೆ. ಕೂತೆ ಅನ್ನುವುದು ಮಾತಿಗೆ. ಅಡಿಗೆಮನೆಯ ಕಪಾಟುಗಳ ಬಾಗಿಲನ್ನೆಲ್ಲ ಬಿಚ್ಚಿ, ಸದ್ದಾಗದ ಹಾಗೆ ಮತ್ತೆ ಜೋಡಿಸಿದೆ. ಆಫೀಸು ಮುಚ್ಚಿತು ಎಂದಷ್ಟೇ ಅವ್ವನಿಗೆ ಹೇಳಿದ್ದೆ. "ಆಗಲಿ ಬಿಡು, ನಾ ಪೂಜಿ ಮಾಡಿದ ಕಾರು ಒಂದಿನ ರಸ್ತೆಗೆ ಬರತೈತಿ," ಎಂದು ಅವಳೇ ನನಗೆ ಧೈರ್ಯ ಹೇಳುತ್ತಿದ್ದಳು. ಅಲ್ಲವ್ವ ಎನ್ನಲು ಬಾಯಿ ಬರುತ್ತಿರಲಿಲ್ಲ.

ಮೊನ್ನೆ ಯುಗಾದಿಯ ದಿನ ದುಬೈಯಿಂದ ಅಣ್ಣನ ಮಗ ವೀಡಿಯೊ ಕಾಲ್ ಮಾಡಿದ. "ಆಯಿ, ಹೊಸಾ ಕಾರ್ ತೊಗೊಂಡೆ, ನೋಡಿಲ್ಲೆ!" ಎಳೆ ಹಸಿರು ಬಣ್ಣ. ಅವ್ವ ಫೋನನ್ನು ಮೂಗಿಗೆ ತಾಗಿಸಿಕೊಂಡು ನೋಡಿದಳು, ಆಮೇಲೆ ಕೂಗಿದಳು. "ಯವ್ವಾ! ಇದು ನಿಮ್ಮ ಅತ್ತಿ ಮಾಡಿದ ಕಾರಲಾ! ನಾನೇ ಪೂಜಿ ಮಾಡೀನಿ ಇದಕ್ಕ. ನೋಡು, ನಾ ಹೇಳಿದ್ದಿಲ್ಲಾ?" ಆ ಕಡೆ ಅವನಿಗೆ ಗೊಂದಲ, ಈ ಕಡೆ ಅವ್ವನ ಕಣ್ಣಲ್ಲಿ ನೀರು. "ಬಾಗಿಲಾ ಹಾಕೋ, ನಿಮ್ಮ ಅತ್ತಿಗೆ ಕೇಳಸು," ಎಂದಳು. ಅವನು ಹಾಕಿದ. ಫೋನಿನಲ್ಲೂ ಅದೇ ಸದ್ದು, ಹಿಟ್ಟಿನ ಚೀಲ.

ಫೋನಿಟ್ಟ ಮೇಲೆ ನನಗಿನ್ನು ತಡೆಯಲಾಗಲಿಲ್ಲ. "ಅವ್ವ, ಅದು ನಂದಲ್ಲ. ಚೀನಾದವರದು. ಬಿಚ್ಚಿ ನೋಡಾಕ ತರಿಸಿದ್ವಿ," ಎಂದೆ.

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಮತ್ತ ನಿಂದು ಎಲ್ಲಿತ್ತು?"

"ಮೂಲ್ಯಾಗ. ಬೂದು ಬಟ್ಟಿ ಮುಚ್ಚಿತ್ತಲಾ, ನೀ ಚೀಲ ಇಟ್ಟಿದ್ದಿ ನೋಡು... ಅದು."

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ, ನನಗಲ್ಲ ಎನ್ನುವ ಹಾಗೆ ಅಂದಳು, "ಚಪ್ಪಲೀನೂ ಅದರ ಮ್ಯಾಲೇ ಇಟ್ಟೆನಲ್ಲವಾ. ಒಂದ್ ಮಾತು ಹೇಳಬಾರದಿತ್ತೇನ? ಅದಕ್ಕೂ ಒಂದ್ ಬಟ್ಟು ಕುಂಕುಮ ಹಚ್ಚತಿದ್ದೆ."