ಗಾಜಿನ ಪೆಟ್ಟಿಗೆಗೆ ಮೂರು ಸುತ್ತು

ರಾಚೆಸ್ಟರ್ ಹಿಲ್ಸಿನ ಛಾಯಾ ರೋಮನ್ನರ ಇತಿಹಾಸವನ್ನು ಯಾವ ಕಾಲೇಜಿನಲ್ಲೂ ಓದಿದವಳಲ್ಲ. ಲೈಬ್ರರಿಯಿಂದ ಪುಸ್ತಕ ತಂದು, ಕುಕ್ಕರಿನ ಕೂಗುಗಳ ನಡುವೆ ಕಲಿತವಳು. ಐವತ್ತೇಳನೆಯ ವಯಸ್ಸಿನಲ್ಲಿ ಪುರಾತತ್ವ ಮ್ಯೂಸಿಯಂ ಒಂದರಲ್ಲಿ ಸಂಬಳವಿಲ್ಲದ ಗೈಡ್ ಆಗುವ ಆಸೆ ಹುಟ್ಟಿತು. ಸಂಬಳವಿಲ್ಲದ ಕೆಲಸಕ್ಕೂ ಪರೀಕ್ಷೆಯಿತ್ತು: ಬಂದ ನೋಡುಗರಿಗೆ ಮ್ಯೂಸಿಯಂ ತೋರಿಸಿ ವಿವರಿಸಬೇಕು. ಹೋದ ವರ್ಷ ಚಕ್ರವರ್ತಿಗಳ ಹೆಸರು ತಡವರಿಸಿ ಅದರಲ್ಲೂ ನಪಾಸಾದಳು. ಈ ಶನಿವಾರದ್ದು ಎರಡನೆಯ ಅವಕಾಶ. ಮೂರನೆಯದು ಇರಲಿಲ್ಲ.

ಎಂಟು ಜನ ನೋಡುಗರು. ಅವರ ಹಿಂದೆ ನೋಟ್‌ಪ್ಯಾಡ್ ಹಿಡಿದ ಮೇಲ್ವಿಚಾರಕಿ ಕ್ಯಾರಲ್, ಪಕ್ಕದಲ್ಲಿ ಧೈರ್ಯ ತುಂಬಲು ಬಂದ ಗಂಡ ಸಂಗಮೇಶ್. ಛಾಯಾ ಈ ಸಲ ಒಬ್ಬ ಚಕ್ರವರ್ತಿಯನ್ನೂ ಬಿಡದೆ ಮಗ್ಗಿಯಂತೆ ಒಪ್ಪಿಸಿದಳು. ಟೋಪಿಯವನೊಬ್ಬ ಆಕಳಿಸಿದ. ಕ್ಯಾರಲ್ ಏನೋ ಬರೆದುಕೊಂಡಳು.

ಆಮೇಲೆ ಕೋಣೆಯ ನಡುವಿನ ಗಾಜಿನ ಪೆಟ್ಟಿಗೆ. ಒಳಗೆ ಗೇಣುದ್ದದ ಕಂಚಿನ ಮನೆದೇವರು, ಪಕ್ಕದಲ್ಲಿ ಮಣ್ಣಿನ ದೀಪ. ಉಣ್ಣುವ ಮೊದಲು ಒಂದು ತುತ್ತು ಈ ದೇವರಿಗೆ ಎತ್ತಿಡುತ್ತಿದ್ದರು ಎಂದು ಹೇಳುತ್ತಿದ್ದಂತೆ ಛಾಯಾಳ ಕೈಗಳು ಕೂಡಿದವು, ಕಾಲು ತಾನಾಗಿ ಪ್ರದಕ್ಷಿಣೆಗೆ ಹೊರಟಿತು. ಒಂದು ಸುತ್ತು ಮುಗಿದ ಮೇಲೆ ಬೆನ್ನ ಹಿಂದೆ ಹೆಜ್ಜೆಗಳ ಸದ್ದು. ತಿರುಗಿದರೆ ಎಂಟೂ ಜನ ಸಾಲಾಗಿ ಬರುತ್ತಿದ್ದರು.

ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಪ್ರದಕ್ಷಿಣೆಯನ್ನು ಒಂದಕ್ಕೇ ಬಿಡುವುದು ಅವಳ ಜನ್ಮದಲ್ಲಿ ಆಗದ ಮಾತು. ಕೆಲಸ ತಪ್ಪಿದರೂ ತಪ್ಪಲಿ ಎಂದು ಮೂರೂ ಮುಗಿಸಿದಳು. ಕೊನೆಯ ಸುತ್ತಿನಲ್ಲಿ ಟೋಪಿಯವನು ಪೆಟ್ಟಿಗೆಯ ಹಿಂದೆ ಬಗ್ಗಿ ನಿಂತ. ದೀಪದ ಬೆನ್ನಿನಲ್ಲಿ ಒಂದು ಬೆರಳ ಗುರುತಿತ್ತು. ಯಾರದೆಂದು ಕೇಳಿದ. ಛಾಯಾಳ ಯಾವ ಪುಸ್ತಕದಲ್ಲೂ ಅದಿರಲಿಲ್ಲ.

"ಗೊತ್ತಿಲ್ಲ, ಮಾಡಿದ ಕುಂಬಾರನದಿರಬೇಕು" ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡಳು. ಎಲ್ಲರೂ ಸರದಿಯಂತೆ ಬಗ್ಗಿ ನೋಡಿದರು, ಕ್ಯಾರಲ್ ಕೂಡ.

ಕಾರಿನಲ್ಲಿ ಸಂಗಮೇಶ್ ತುಟಿ ಕಚ್ಚಿ ಹೆದ್ದಾರಿಯ ಎರಡು ಎಕ್ಸಿಟ್ ದಾಟಿಸಿದ. ಆಮೇಲೆ ನಗು ತಡೆಯಲಾಗಲಿಲ್ಲ.

"ಎಲ್ಲಾರ ಕಡೆ ಪ್ರದಕ್ಷಿಣಿ ಹಾಕಿಸಿದಿ. ತೀರ್ಥ ಕೊಡೋದೊಂದು ಉಳೀತು ನೋಡು."

"ಸುಮ್ನ ಗಾಡಿ ನಡಸ್ರಿ. ಚಪ್ಪಲಿ ಬಿಡ್ರಿ ಅಂತ ಅನ್ನಲಿಲ್ಲಲ್ಲ, ಅದ ನನ್ನ ಪುಣ್ಯ."

ಸೋಮವಾರ ಕ್ಯಾರಲ್‌ಳ ಮೇಲ್ ಬಂತು. ಛಾಯಾ ಫೋನನ್ನು ಕಣ್ಣಿಗೆ ಒತ್ತಿಕೊಂಡು ತೆರೆದಳು. ಮುಂದಿನ ವಾರದಿಂದ ಬರಬಹುದು. ಚಕ್ರವರ್ತಿಗಳು ಕಡಿಮೆಯಾಗಲಿ, ಸುತ್ತು ಹಾಕಿಸುವುದು ಇರಲಿ. ಆ ಪೆಟ್ಟಿಗೆಯ ಹಿಂಭಾಗವನ್ನು ಇದುವರೆಗೆ ಯಾರೂ ತೋರಿಸಿರಲಿಲ್ಲ. ಹಾಗೆಯೇ, ಮೂರೇ ಸುತ್ತು ಏಕೆಂದು ಉಳಿದ ಗೈಡ್‌ಗಳಿಗಾಗಿ ಒಂದು ಪುಟ ಬರೆದುಕೊಡಬೇಕು.

ಐವತ್ತು ವರ್ಷದಿಂದ ಸುತ್ತುತ್ತಿದ್ದವಳು ಪೆನ್ನು ಹಿಡಿದು ಕುಳಿತಳು. ಒಂದು ಸಾಲೂ ಹೊಳೆಯಲಿಲ್ಲ. ಕುಕ್ಕರ್ ಆರಿಸಿ ಲೈಬ್ರರಿಗೆ ಹೊರಟಳು.